ಪ್ರವೇಶ ಉಚಿತ, ಸಂಘಟಕನೂ ಉಚಿತ

ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನಲ್ಲಿ ತಿಂಗಳಿಗೊಂದು ಶನಿವಾರ, ತನ್ನದಲ್ಲದ ಕಚೇರಿಯ ಬಾಗಿಲಲ್ಲಿ, ಒಂದು ಕೈಯಲ್ಲಿ ಮೊಬೈಲನ್ನೂ ಇನ್ನೊಂದು ಕೈಯಲ್ಲಿ ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಜೋಡಿಸುವ ಗೇಣುದ್ದದ ವೈರನ್ನೂ ಹಿಡಿದು, ಬಂದವರಿಗೆಲ್ಲ ನಗುಮುಖ ತೋರಿಸುತ್ತ ಬಾರದವರನ್ನು ಮನಸ್ಸಿನಲ್ಲೇ ಎಣಿಸುತ್ತ ನಿಂತಿರುವ ವ್ಯಕ್ತಿಯನ್ನು ಯುಎಕ್ಸ್ ಮೀಟಪ್ಪಿನ ಸಂಘಟಕನೆಂದು ನಿಸ್ಸಂಶಯವಾಗಿ ಗುರುತಿಸಬಹುದು. ಯುಎಕ್ಸ್ ಎಂಬುದು ಯೂಸರ್ ಎಕ್ಸ್‌ಪೀರಿಯನ್ಸ್ ಎಂಬುದರ ಮೊಟಕು ರೂಪವಾಗಿದ್ದು, ಒಂದು ಆ್ಯಪನ್ನೋ ಯಂತ್ರವನ್ನೋ ಸೇವೆಯನ್ನೋ ಬಳಸುವವನಿಗೆ ಮೊದಲಿನಿಂದ ಕೊನೆಯವರೆಗೆ ಆಗುವ ಒಟ್ಟು ಅನುಭವವನ್ನು ಸೂಚಿಸುತ್ತದೆ. ಆ ಅನುಭವವನ್ನು ಯೋಚಿಸಿ ರೂಪಿಸುವವರು ಯುಎಕ್ಸ್ ವಿನ್ಯಾಸಕರು. 1993ರಲ್ಲಿ ಆ್ಯಪಲ್ ಸಂಸ್ಥೆಯನ್ನು ಸೇರಿದ ಮನೋವಿಜ್ಞಾನಿ ಡೊನಾಲ್ಡ್ ನಾರ್ಮನ್ ತಮ್ಮ ಹುದ್ದೆಯ ಹೆಸರಿನಲ್ಲಿಯೇ ಈ ಪದವನ್ನು ಸೇರಿಸಿಕೊಂಡ ಮೇಲೆ ಅದು ಊರೂರು ಸುತ್ತಿ, ಬೆಂಗಳೂರಿಗೆ ಬಂದು, ಇಲ್ಲಿ ಬಾಡಿಗೆ ಮನೆ ಹಿಡಿದು ಖಾಯಂ ನೆಲಸಿತು. ಮೀಟಪ್ ಎಂದರೆ ಒಂದೇ ಕಸುಬಿನವರೋ ಒಂದೇ ಹವ್ಯಾಸದವರೋ ಅಂತರ್ಜಾಲದಲ್ಲಿ ಹೆಸರು ಕೊಟ್ಟು ಒಂದು ಜಾಗದಲ್ಲಿ ಮುಖಾಮುಖಿ ಸೇರುವ ಸಭೆ. 2002ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಇದೇ ಹೆಸರಿನ ತಾಣವು ಈ ಪದ್ಧತಿಯನ್ನು ಜನಪ್ರಿಯಗೊಳಿಸಿತು. 2005ರಿಂದ ಸಭೆ ಕರೆಯುವವನಿಂದ ಚಂದಾ ವಸೂಲು ಮಾಡುವುದನ್ನೂ ಆರಂಭಿಸಿತು. ಬರುವವನಿಗೆ ಉಚಿತ, ಕರೆಯುವವನಿಗೆ ಖರ್ಚು ಎಂಬ ಈ ವ್ಯವಸ್ಥೆಯೊಳಗೆ ಸಂಘಟಕನ ಇಡೀ ಜಾತಕ ಅಡಗಿದೆ.

ಈ ಸ್ಥಾನಕ್ಕೆ ಚುನಾವಣೆಯಾಗಲಿ, ನೇಮಕಾತಿಯಾಗಲಿ, ನಿವೃತ್ತಿಯಾಗಲಿ ಇಲ್ಲ. ಹಿಂದಿನ ಸಂಘಟಕ ಬರ್ಲಿನ್ನಿಗೋ ಸಿಯಾಟಲ್ಲಿಗೋ ಕೆಲಸ ಸಿಕ್ಕಿ ಹೊರಟಾಗ, ಇಲ್ಲವೇ ಮನೆಯಲ್ಲಿ ಮಗು ಹುಟ್ಟಿ ಶನಿವಾರಗಳು ಕೈತಪ್ಪಿದಾಗ, ಮುಂದಿನ ಸಾಲಿನಲ್ಲಿ ಕುಳಿತು ಎರಡು ಬಾರಿ ಕುರ್ಚಿ ಎತ್ತಿಡಲು ನೆರವಾದವನ ಮೊಬೈಲಿಗೆ ಖಾತೆಯ ಪಾಸ್‌ವರ್ಡ್ ಬಂದು ಬೀಳುತ್ತದೆ. ಅಲ್ಲಿಗೆ ಪಟ್ಟಾಭಿಷೇಕ ಮುಗಿಯಿತು. ಗಂಡಸರಷ್ಟೇ ಹೆಂಗಸರೂ ಈ ಬಲೆಗೆ ಬೀಳುತ್ತಾರಾದ್ದರಿಂದ ಮುಂದಿನ ವಿವರಣೆಯಲ್ಲಿ ಸಂಘಟಕ ಎಂದಿರುವಲ್ಲೆಲ್ಲ ಸಂಘಟಕಿ ಎಂದೂ ಓದಿಕೊಳ್ಳತಕ್ಕದ್ದು. ಹಗಲಿನಲ್ಲಿ ಈತ ಯಾವುದೋ ಕಂಪನಿಯಲ್ಲಿ ಸಾಲ ಕೊಡುವ ಆ್ಯಪಿನದೋ ದಿನಸಿ ತರಿಸುವ ಆ್ಯಪಿನದೋ ಪರದೆಗಳನ್ನು ರೂಪಿಸುತ್ತಾನೆ, ಒಂದು ಗುಂಡಿ ಎಡಕ್ಕಿರಬೇಕೋ ಬಲಕ್ಕಿರಬೇಕೋ ಎಂಬುದರ ಮೇಲೆ ಮೂರು ದಿನ ವಾದಿಸುತ್ತಾನೆ, ಬಳಕೆದಾರನಿಗೆ ಒಂದು ಅನಗತ್ಯ ಕ್ಲಿಕ್ಕಿನ ಶ್ರಮವೂ ಆಗಕೂಡದೆಂದು ನಂಬುತ್ತಾನೆ. ಆ ನಂಬಿಕೆಯೆಲ್ಲ ತಿಂಗಳಿಗೊಮ್ಮೆ ಕಚೇರಿ ಸಮುಚ್ಚಯದ ಗೇಟಿನ ಬಳಿ ಪರೀಕ್ಷೆಗೆ ಒಳಪಡುತ್ತದೆ.

ಪರೀಕ್ಷೆಗೆ ಮೊದಲು ಲೆಕ್ಕಾಚಾರವಿದೆ. ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎಂಬ ಗಾದೆ ನೋಂದಣಿಯ ವಿಷಯದಲ್ಲಿ ಅಕ್ಷರಶಃ ನಿಜವಾಗಿರುವುದರಿಂದ, ಪ್ರಕಟಣೆ ಹೊರಬಿದ್ದ ಗಂಟೆಯೊಳಗೆ ನೂರು ಹೆಸರು ಬರುತ್ತವೆ, ಮರುದಿನ ಕಾಯುವವರ ಪಟ್ಟಿ ಬೆಳೆಯುತ್ತದೆ, ಗುರುವಾರದ ಹೊತ್ತಿಗೆ ಹೇಗಾದರೂ ಮಾಡಿ ಒಂದು ಸೀಟು ಕೊಡಿಸಿ ಎಂಬ ಶಿಫಾರಸುಗಳೂ ಬರಲಾರಂಭಿಸುತ್ತವೆ. ಆದರೆ ಶನಿವಾರ ಬೆಳಗ್ಗೆ ಹಾಸಿಗೆಯಿಂದ ಏಳುವಾಗ ಈ ನೂರರಲ್ಲಿ ಅರ್ಧದಷ್ಟು ಜನಕ್ಕೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ವಾಹನದಟ್ಟಣೆ ನೆನಪಾಗುತ್ತದೆ. ಉಚಿತ ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬಂದರೆ ಅದೇ ದೊಡ್ಡದು ಎಂಬುದು ಸಂಘಟಕರ ನಡುವೆ ಕೈಯಿಂದ ಕೈಗೆ ದಾಟಿಬಂದ ಸೂತ್ರ. ಈ ಪ್ರಮಾಣವು ಮಳೆ ಬಂದರೆ, ಭಾರತದ ಕ್ರಿಕೆಟ್ ಪಂದ್ಯವಿದ್ದರೆ, ಸೋಮವಾರ ಸರ್ಕಾರಿ ರಜೆಯಿದ್ದರೆ ಇನ್ನೂ ಕೆಳಗಿಳಿಯುತ್ತದೆ. ಎಷ್ಟು ಎಲೆ ಬೀಳುತ್ತದೆಂದು ಕರೆಯೋಲೆಯನ್ನು ನೋಡದೆ ಮುಹೂರ್ತವನ್ನೂ ಬೀಗರ ಊರನ್ನೂ ನೋಡಿ ಅಕ್ಕಿ ಅಳೆಯುವ ಮದುವೆಮನೆಯ ಅಡುಗೆ ಭಟ್ಟನಂತೆ ಈತನೂ ನೋಂದಣಿ ಪಟ್ಟಿಯನ್ನು ಪಕ್ಕಕ್ಕಿಟ್ಟು, ಹವಾಮಾನವನ್ನೂ ಭಾಷಣಕಾರನ ಕಂಪನಿಯ ಹೆಸರನ್ನೂ ನೋಡಿ ಪಿಜ್ಜಾ ತರಿಸುತ್ತಾನೆ. ಭಾಷಣಕಾರ ಕೆಲಸಕ್ಕೆ ಜನ ತೆಗೆದುಕೊಳ್ಳುತ್ತಿರುವ ಕಂಪನಿಯವನಾದರೆ ನಾಲ್ಕು ಪೆಟ್ಟಿಗೆ ಹೆಚ್ಚು. ಜನರನ್ನು ಮನೆಗೆ ಕಳುಹಿಸಿದ ಕಂಪನಿಯವನಾದರೂ ನಾಲ್ಕು ಪೆಟ್ಟಿಗೆ ಹೆಚ್ಚು, ಏಕೆಂದರೆ ಹೊರಬಿದ್ದವರೆಲ್ಲ ಬಂದೇ ಬರುತ್ತಾರೆ.

ಜಾಗದ ವಿಷಯ ಇದಕ್ಕಿಂತ ಸೂಕ್ಷ್ಮವಾದುದು. ಕಲ್ಯಾಣಮಂಟಪಕ್ಕೂ ಹೋಟೆಲಿನ ಹಾಲಿಗೂ ಬಾಡಿಗೆ ಕೊಡುವ ಶಕ್ತಿ ಉಚಿತ ಸಭೆಗೆ ಇಲ್ಲದ ಕಾರಣ, ಶನಿವಾರ ಖಾಲಿ ಬಿದ್ದಿರುವ ಯಾವುದಾದರೂ ಕಂಪನಿಯ ಸಭಾಂಗಣವನ್ನು ಬೇಡಿ ಪಡೆಯಬೇಕಾಗುತ್ತದೆ. ಕಂಪನಿಯೂ ದಾನಕ್ಕೆ ಕೊಡುವುದಿಲ್ಲ. ತನ್ನ ಬಗ್ಗೆ ಐದು ನಿಮಿಷ ಮಾತನಾಡಲು ಅವಕಾಶ ಕೇಳುತ್ತದೆ. ಈ ಐದು ನಿಮಿಷವು ಸಂಸ್ಥಾಪಕರ ಬಾಲ್ಯದಿಂದ ಆರಂಭವಾಗಿ, ಕಚೇರಿಯ ಗೋಡೆಬಣ್ಣದ ಹಿನ್ನೆಲೆಯನ್ನು ಹಾದು, ಖಾಲಿ ಇರುವ ಹುದ್ದೆಗಳ ಕ್ಯೂಆರ್ ಕೋಡಿನಲ್ಲಿ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಹವಾನಿಯಂತ್ರಣವು ಶನಿವಾರ ತಾನಾಗಿಯೇ ಆರಿಹೋಗುವಂತೆ ಹೊಂದಿಸಿರುವ ಸಂಗತಿ ಮಾತ್ರ ಆ ಐದು ನಿಮಿಷದಲ್ಲಿ ಬರುವುದಿಲ್ಲ. ಅದು ಹನ್ನೊಂದೂವರೆಗೆ, ಅಂಗಿಗಳು ಬೆನ್ನಿಗಂಟಿದ ಮೇಲೆ, ಎಲ್ಲರಿಗೂ ಏಕಕಾಲಕ್ಕೆ ತಿಳಿಯುತ್ತದೆ.

ಈಗ ಗೇಟಿಗೆ ಬರಬಹುದು. ಬಂದವರ ಹೆಸರು ಬರೆಯುವ ಉದ್ದನೆಯ ಪುಸ್ತಕದ ಕಾಲ ಮುಗಿದು, ಅದರ ಜಾಗದಲ್ಲಿ ಒಂದು ಟ್ಯಾಬ್ಲೆಟ್ ನಿಂತಿದೆ. ಅದು ಹೆಸರು ಕೇಳುತ್ತದೆ, ಮೊಬೈಲ್ ಸಂಖ್ಯೆ ಕೇಳುತ್ತದೆ, ಒಟಿಪಿ ಕಳುಹಿಸುತ್ತದೆ, ಒಟಿಪಿ ಬರುವಷ್ಟರಲ್ಲಿ ತಾನೇ ಬೇಸತ್ತು ಮೊದಲ ಪರದೆಗೆ ಮರಳುತ್ತದೆ. ಎರಡನೆಯ ಸುತ್ತಿನಲ್ಲಿ ಮುಖದ ಚಿತ್ರ ತೆಗೆದು, ಲ್ಯಾಪ್‌ಟಾಪಿನ ಸೀರಿಯಲ್ ನಂಬರ್ ಕೇಳುತ್ತದೆ. ಕೊನೆಗೆ ಯಾರನ್ನು ಕಾಣಬೇಕು ಎಂಬ ಪ್ರಶ್ನೆಗೆ ಆ ಕಂಪನಿಯ ನೌಕರರ ಪಟ್ಟಿಯಿಂದಲೇ ಒಬ್ಬರನ್ನು ಆರಿಸಬೇಕೆಂದು ಹಟ ಹಿಡಿಯುತ್ತದೆ. ಸಂಘಟಕ ಅಲ್ಲಿನ ನೌಕರನಲ್ಲವಾದ್ದರಿಂದ ಅವನ ಹೆಸರು ಅದರಲ್ಲಿ ಸಿಗುವುದಿಲ್ಲ.

"ಯಾರನ್ನ ಮೀಟ್ ಮಾಡ್ಬೇಕು ಸಾರ್?" ಎಂದು ಸೆಕ್ಯುರಿಟಿಯವನು ಕೇಳುತ್ತಾನೆ.

"ಮೀಟಪ್‌ಗೆ ಬಂದಿದೀವಿ."

"ಅದು ಸರಿ ಸಾರ್, ಯಾರನ್ನ?"

ಇಷ್ಟರಲ್ಲಿ ಹಿಂದೆ ನಲವತ್ತು ಜನರ ಸಾಲು ಬೆಳೆದಿರುತ್ತದೆ. ಬೇರೆ ಯಾವ ಕಸುಬಿನವರಾದರೂ ಗೊಣಗುತ್ತಾರೆ; ಯುಎಕ್ಸ್‌ನವರು ಗೊಣಗುವುದಿಲ್ಲ, ಹಿಗ್ಗುತ್ತಾರೆ. ಒಬ್ಬ ಆ ಪರದೆಯ ಫೋಟೊ ತೆಗೆದು ಮುಂದಿನ ತಿಂಗಳ ತನ್ನ ಭಾಷಣಕ್ಕೆ ಎತ್ತಿಡುತ್ತಾನೆ. ಇನ್ನೊಬ್ಬಾಕೆ 1994ರಲ್ಲಿ ಬಳಕೆಯೋಗ್ಯತೆಯ ತಜ್ಞ ಜೇಕಬ್ ನೀಲ್ಸನ್ ಪಟ್ಟಿ ಮಾಡಿದ ವಿನ್ಯಾಸದ ಹತ್ತು ಸೂತ್ರಗಳಲ್ಲಿ ಇದು ಎಷ್ಟನ್ನು ಮುರಿದಿದೆಯೆಂದು ಬೆರಳು ಮಡಿಚಿ ಎಣಿಸತೊಡಗುತ್ತಾಳೆ. ವ್ಯವಸ್ಥೆಯೊಳಗೆ ಏನು ನಡೆಯುತ್ತಿದೆ ಎಂಬುದು ಬಳಕೆದಾರನಿಗೆ ಸದಾ ಕಾಣುತ್ತಿರಬೇಕು ಎಂಬುದು ಅವುಗಳಲ್ಲಿ ಮೊದಲನೆಯದು. ಕುತೂಹಲಕ್ಕೆ ಭಾಷೆಯನ್ನು ಕನ್ನಡಕ್ಕೆ ಬದಲಿಸಿದವನಿಗೆ ಮತ್ತೊಂದು ನಿಧಿ ಸಿಗುತ್ತದೆ. ರೋಮನ್ ಅಕ್ಷರಗಳ ಅಳತೆಗೆ ಕತ್ತರಿಸಿದ ಗುಂಡಿಯಲ್ಲಿ ಸಾಲಿನ ಎತ್ತರ, ಅಂದರೆ ಕಸುಬಿನವರ ಮಾತಿನ ಲೈನ್ ಹೈಟ್, ಸಾಲದೆ ಹೋಗಿ, ಕೆಳಗೆ ಇಳಿಯಬೇಕಾದ ಒತ್ತಕ್ಷರಕ್ಕೆ ಕಾಲೂರಲು ಜಾಗವಿಲ್ಲದೆ ಒಪ್ಪಿಗೆಯು ಒಪಿಗೆಯಾಗಿಯೂ ಮುಂದಕ್ಕೆ ಎಂಬುದು ಮುಂದಕೆ ಎಂದೂ ಕಾಣುತ್ತಿರುತ್ತದೆ. ಕನ್ನಡ ಆವೃತ್ತಿಯನ್ನು ರೂಪಿಸಿದ ಮೇಲೆ ಕನ್ನಡ ಓದಬಲ್ಲ ಒಬ್ಬರಿಗೂ ತೋರಿಸಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆದರೆ ಆ ಸಾಲಿನಲ್ಲಿ ಯಾರೂ ಅಷ್ಟಾಗಿ ಗಮನಿಸದ ಒಂದು ವಸ್ತುವಿದೆ. ಟ್ಯಾಬ್ಲೆಟ್ಟಿನ ಪಕ್ಕದಲ್ಲಿ ಸೆಲೋಟೇಪಿನಿಂದ ಅಂಟಿಸಿದ ರೂಲ್ ಹಾಳೆಯ ತುಂಡಿನ ಮೇಲೆ ಬಾಲ್‌ಪೆನ್ನಿನಲ್ಲಿ ಬಾಣದ ಗುರುತೆಳೆದು, "ಇಲ್ಲಿ ಒತ್ತಿ. ಲ್ಯಾಪ್‌ಟಾಪ್ ಇಲ್ಲದಿದ್ದರೆ 000 ಹಾಕಿ. ಯಾರೂ ಸಿಗದಿದ್ದರೆ ಎಚ್‌ಆರ್ ಅಂತ ಹಾಕಿ" ಎಂದು ಬರೆದಿರುತ್ತದೆ. ಬರೆದವನು ಆ ಸೆಕ್ಯುರಿಟಿಯವನೇ. ಒಂದು ವಿನ್ಯಾಸದ ದೊಡ್ಡ ದೋಷಗಳನ್ನು ಕಂಡುಹಿಡಿಯಲು ಐದು ಜನ ಬಳಕೆದಾರರನ್ನು ಗಮನಿಸಿದರೆ ಸಾಕೆಂದು ನೀಲ್ಸನ್ 2000ದಲ್ಲಿ ಬರೆದದ್ದು ಈ ಕಸುಬಿನಲ್ಲಿ ವೇದವಾಕ್ಯವಾಗಿದೆ; ಸೆಕ್ಯುರಿಟಿಯವನು ಬೆಳಗಿನ ಪಾಳಿಯ ಮೊದಲ ಹತ್ತು ನಿಮಿಷದಲ್ಲೇ ಅಷ್ಟು ಜನರನ್ನು ನೋಡಿ ಮುಗಿಸಿರುತ್ತಾನೆ. ಬಳಕೆಯೋಗ್ಯತೆಯ ಸಮಸ್ಯೆಯನ್ನು ಗುರುತಿಸಿ, ಪರಿಹಾರ ಯೋಚಿಸಿ, ಅದನ್ನು ಜಾರಿಗೆ ತಂದ ವ್ಯಕ್ತಿ ಅಂದು ಆ ಆವರಣದಲ್ಲಿ ಅವನೊಬ್ಬನೇ. ಭಾಷಣಕ್ಕೆ ಅವನಿಗೆ ಆಹ್ವಾನವಿರುವುದಿಲ್ಲ.

ಗೇಟು ದಾಟಿದರೆ ಗಾಜಿನ ಬಾಗಿಲು. ಎಳೆಯಬೇಕೆಂದು ಸೂಚಿಸುವ ಹಿಡಿಕೆಯನ್ನು ಇಟ್ಟುಕೊಂಡು ತಳ್ಳಿದರೆ ಮಾತ್ರ ತೆರೆಯುವ ಇಂಥ ಬಾಗಿಲುಗಳ ಬಗ್ಗೆ ನಾರ್ಮನ್ 1988ರಲ್ಲೇ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದ ಕಾರಣ ಅವುಗಳಿಗೆ ನಾರ್ಮನ್ ಬಾಗಿಲು ಎಂಬ ಹೆಸರೇ ಬಿದ್ದಿದೆ. ಅದನ್ನು ಓದಿದವರೆಲ್ಲರೂ ಅಂದು ಆ ಬಾಗಿಲನ್ನು ಮೊದಲು ಎಳೆಯುತ್ತಾರೆ.

ಒಳಗೆ ಸಭೆ ಆರಂಭವಾಗುತ್ತದೆ. ಸ್ವಾಗತ, ನಿರೂಪಣೆ, ವಂದನಾರ್ಪಣೆ ಎಂದು ನಮ್ಮ ಸಭೆಗಳಲ್ಲಿ ಮೂವರಿಗೆ ಹಂಚಿ ಮೂವರನ್ನೂ ಖುಷಿಪಡಿಸುವ ಕೆಲಸ ಇಲ್ಲಿ ಒಬ್ಬನ ತಲೆಗೇ ಕಟ್ಟಿರುತ್ತದೆ. ಸಭಿಕರಲ್ಲಿ ಕೆಲಸ ಹುಡುಕುವವರು, ಸಿವಿಲ್ ಎಂಜಿನಿಯರಿಂಗನ್ನೋ ಒಳಾಂಗಣ ವಿನ್ಯಾಸವನ್ನೋ ಬಿಟ್ಟು ಈ ಕಸುಬಿಗೆ ಹಾರಲು ನೋಡುತ್ತಿರುವವರು, ಈಗಾಗಲೇ ಹಾರಿ ಕೆಳಗೆ ನೆಲ ಕಾಣದೆ ಗಾಬರಿಯಾದವರು ಎಲ್ಲರೂ ಇರುತ್ತಾರೆ. ನಿಜವಾಗಿ ವಿಷಯಕ್ಕಾಗಿಯೇ ಬಂದ ನಾಲ್ಕೈದು ಮಂದಿ ಹಿಂದಿನ ಸಾಲಿನಲ್ಲಿ ಕುಳಿತಿದ್ದು ಮಾತನಾಡದೆ ಹೋಗುತ್ತಾರೆ. ಭಾಷಣಕಾರ ಒಂದು ಪರ್ಸೋನಾವನ್ನು ಪರದೆಯ ಮೇಲೆ ಮೂಡಿಸುತ್ತಾನೆ. ಪರ್ಸೋನಾ ಎಂದರೆ ವಿನ್ಯಾಸಕರು ಬಳಕೆದಾರರ ಅಧ್ಯಯನ ಮಾಡಿ, ಆ ಬಳಕೆದಾರರ ಪ್ರತಿನಿಧಿಯಾಗಿ ಕಲ್ಪಿಸಿಕೊಳ್ಳುವ ಒಬ್ಬ ವ್ಯಕ್ತಿ. ಸಾಫ್ಟ್‌ವೇರ್ ವಿನ್ಯಾಸಕ ಅಲನ್ ಕೂಪರ್ 1990ರ ದಶಕದ ಕೊನೆಯಲ್ಲಿ ಪ್ರಕಟಿಸಿದ ಪುಸ್ತಕದಿಂದ ಪ್ರಚಾರಕ್ಕೆ ಬಂದ ಈ ಉಪಾಯದಲ್ಲಿ ಅಧ್ಯಯನದ ಭಾಗ ದುಬಾರಿಯಾದ್ದರಿಂದ ಅನೇಕ ಕಡೆ ಕಲ್ಪನೆಯ ಭಾಗವನ್ನಷ್ಟೇ ಉಳಿಸಿಕೊಂಡಿದ್ದಾರೆ. ಪರದೆಯ ಮೇಲಿನ ಕಲ್ಪಿತ ಪುರುಷನ ಹೆಸರು ರಮೇಶ್, ವಯಸ್ಸು 45, ತುಮಕೂರು ಕಡೆಯ ರೈತ, ಇಸ್ತ್ರಿ ಮಾಡಿದ ಅಂಗಿ, ಹಲ್ಲು ಕಾಣುವ ನಗು, ಬದುಕಿನ ಆಸೆಗಳೆಲ್ಲ ಇಂಗ್ಲಿಷಿನಲ್ಲಿ. ನಿಜವಾದ ತುಮಕೂರಿನವನು ಗೇಟಿನಲ್ಲಿ 000 ಹಾಕಿಸುತ್ತಿದ್ದಾನೆ. ಇಂಥ ಸಭೆಗಳಲ್ಲಿ ಕನ್ನಡ ಸಾಮಾನ್ಯವಾಗಿ ಗೇಟಿನಲ್ಲಿ ಒಂದು ಸಲ, ಗಾಡಿ ತೆಗೆಯುವಾಗ ಇನ್ನೊಂದು ಸಲ ಕೇಳಿಸುತ್ತದೆಂಬುದನ್ನು ಇಲ್ಲಿಯೇ ದಾಖಲಿಸಿಬಿಡುವುದು ಒಳ್ಳೆಯದು.

ಭಾಷಣದ ನಂತರ ಗೋಡೆಗೆ ಹಳದಿ ಚೀಟಿ ಅಂಟಿಸುವ ಕಾರ್ಯಕ್ರಮ. ಹೊಳೆದದ್ದನ್ನೆಲ್ಲ ಒಂದೊಂದು ಚೀಟಿಯಲ್ಲಿ ಬರೆದು, ಹೋಲುವ ಚೀಟಿಗಳನ್ನು ಒಟ್ಟುಗೂಡಿಸಿ ಅರ್ಥ ಕಂಡುಕೊಳ್ಳುವ ಈ ಕ್ರಮವನ್ನು ರೂಪಿಸಿದವರು ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿಟಾ. ನೇಪಾಳದ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದ ಅವರಿಗೆ ಬರೆಯಲು ಸಂಗತಿಗಳಿದ್ದವು. ಹಿಂಬದಿಯಲ್ಲಿ ಅಂಟು ಇರುವ ಚೀಟಿ 1980ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಮೇಲೆ ಈ ಕೆಲಸ ಸಲೀಸಾಗಿ, ಸಂಗತಿಗಳಿಲ್ಲದವರೂ ಮಾಡಬಹುದಾಯಿತು. ಶನಿವಾರದ ಗುಂಪು ಇಪ್ಪತ್ತು ನಿಮಿಷದಲ್ಲಿ ಬೆಂಗಳೂರಿನ ಸಂಚಾರ ಸಮಸ್ಯೆಯನ್ನು ಬಗೆಹರಿಸಿ, ಗೋಡೆಯ ಫೋಟೊ ತೆಗೆದುಕೊಂಡು, ಪಿಜ್ಜಾದ ಕಡೆಗೆ ಚಲಿಸುತ್ತದೆ. ಪ್ರಶ್ನೋತ್ತರದಲ್ಲಿ ಭಾಷಣದ ವಿಷಯ ಏನೇ ಇದ್ದಿರಲಿ, ಎರಡು ಪ್ರಶ್ನೆಗಳು ಖಚಿತ: ಪೋರ್ಟ್‌ಫೋಲಿಯೊದಲ್ಲಿ, ಅಂದರೆ ಮಾಡಿದ ಕೆಲಸಗಳನ್ನು ಜೋಡಿಸಿ ತೋರಿಸುವ ಸಂಪುಟದಲ್ಲಿ, ಎಷ್ಟು ಪ್ರಾಜೆಕ್ಟ್ ಇರಬೇಕು ಎಂಬುದೊಂದು, ಎಐ ಬಂದ ಮೇಲೆ ತಮ್ಮ ಕೆಲಸ ಉಳಿಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮೂರು ಎಂಬ ಉತ್ತರವೂ ಎರಡನೆಯದಕ್ಕೆ ನೋಡೋಣ ಎಂಬ ಉತ್ತರವೂ ಸಂಪ್ರದಾಯಬದ್ಧವಾಗಿವೆ.

ಈ ಯಾವುದನ್ನೂ ಸಂಘಟಕ ಕೇಳಿರುವುದಿಲ್ಲ. ಭಾಷಣಕಾರನನ್ನು ಪರಿಚಯಿಸಿ ಮೈಕು ಕೈಗಿತ್ತ ಕ್ಷಣವೇ ಅವನ ಮೊಬೈಲು ಅದುರುತ್ತದೆ. ಪಿಜ್ಜಾ ತಂದ ಹುಡುಗ ಮೂರನೆಯ ಗೇಟಿನಲ್ಲಿದ್ದಾನೆ, ಒಳಗೆ ಬಿಡುವುದು ಒಂದನೆಯ ಗೇಟಿನಲ್ಲಿ, ಎರಡರ ನಡುವೆ ಯೂ ಟರ್ನ್ ಇಲ್ಲದ ಒಂದೂವರೆ ಕಿಲೋಮೀಟರ್ ರಸ್ತೆ.

"ಅಣ್ಣಾ, ಮ್ಯಾಪಲ್ಲಿ ಇಲ್ಲೇ ತೋರಿಸ್ತೈತೆ" ಎಂದು ಹುಡುಗ.

"ಮ್ಯಾಪ್ ಬಿಡಪ್ಪ, ನಾನೇ ಬರ್ತೀನಿ" ಎಂದು ಸಂಘಟಕ.

ವರ್ಷಗಟ್ಟಲೆ ನಾಡಿನ ಅತ್ಯುತ್ತಮ ವಿನ್ಯಾಸಕರನ್ನು ಕರೆಸಿ ಮಾತನಾಡಿಸಿದ ಈತ ಅವರ ಮೊದಲ ವಾಕ್ಯವನ್ನೂ ಕೊನೆಯ ಚಪ್ಪಾಳೆಯನ್ನೂ ಮಾತ್ರ ಬಲ್ಲ. ನಡುವೆ ಒಮ್ಮೆ ಓಡಿಬಂದು, ಖಾಲಿ ಕುರ್ಚಿಗಳು ಕಾಣದ ಕೋನವೊಂದನ್ನು ಆರಿಸಿ ತುಂಬಿದ ಸಭೆಯ ಚಿತ್ರ ತೆಗೆಯುತ್ತಾನೆ. ಲಿಂಕ್ಡ್‌ಇನ್‌ನಲ್ಲಿ ಆ ಚಿತ್ರದ ಕೆಳಗೆ ಬಾರದವರೆಲ್ಲ ಬಂದು, ತಪ್ಪಿಸಿಕೊಂಡದ್ದಕ್ಕೆ ತಮಗಾದ ದುಃಖವನ್ನು ತೋಡಿಕೊಳ್ಳುತ್ತಾರೆ, ಭಾಷಣದ ರೆಕಾರ್ಡಿಂಗ್ ಇದೆಯೇ ಎಂದು ವಿಚಾರಿಸುತ್ತಾರೆ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಮಾತಿಗೆ ಅತ್ಯುತ್ತಮ ನಿದರ್ಶನವು ಅಂದು ರಾತ್ರಿ ಹೋಗುವ ಅಭಿಪ್ರಾಯ ಸಂಗ್ರಹದ ಫಾರ್ಮಿನಲ್ಲಿ ದೊರೆಯುತ್ತದೆ. ಉದ್ದದ ಫಾರ್ಮನ್ನು ಜನ ತುಂಬುವುದಿಲ್ಲವೆಂದು ಕಚೇರಿಯಲ್ಲಿ ಎಲ್ಲರಿಗೂ ಪಾಠ ಹೇಳುವ ಈತನೇ, ಒಂದೇ ಅವಕಾಶದಲ್ಲಿ ಎಲ್ಲವನ್ನೂ ತಿಳಿದುಕೊಳ್ಳುವ ಆಸೆಯಿಂದ, ಸಭಾಂಗಣದ ಬೆಳಕಿನಿಂದ ಹಿಡಿದು ಭಾಷಣಕಾರನ ಸ್ಲೈಡುಗಳವರೆಗೆ ಪ್ರಶ್ನೆಗಳ ಮೇಲೆ ಪ್ರಶ್ನೆ ಹೊಸೆಯುತ್ತಾನೆ. ಉತ್ತರಿಸಿದ ಮೂವರಲ್ಲಿ ಒಬ್ಬರು ಗುಡ್ ಎಂದಿರುತ್ತಾರೆ, ಇನ್ನೊಬ್ಬರು ಪಾರ್ಕಿಂಗ್ ಸಾಲದೆಂದು ದೂರಿರುತ್ತಾರೆ, ಮೂರನೆಯದು ಪರೀಕ್ಷಿಸಲೆಂದು ಸಂಘಟಕನೇ ತುಂಬಿದ್ದು.

ಉಚಿತ ಎಂಬ ವ್ಯವಸ್ಥೆಯ ನಿಜವಾದ ಲೆಕ್ಕಪರಿಶೋಧನೆ ನಡೆಯುವುದು ಈತನ ಮನೆಯಲ್ಲಿ. ಉಳಿದ ಪಿಜ್ಜಾದ ಬಹುಪಾಲನ್ನು ಸೆಕ್ಯುರಿಟಿಯವರಿಗೂ ಕಸ ಗುಡಿಸುವ ಹೆಂಗಸರಿಗೂ ಹಂಚಿ, ಎರಡು ಪೆಟ್ಟಿಗೆ ಹಿಡಿದು ಸಂಜೆ ಬಂದವನನ್ನು ತಾಯಿ ಬಾಗಿಲಲ್ಲೇ ವಿಚಾರಿಸುತ್ತಾಳೆ.

"ಶನಿವಾರನೂ ಹೋಗ್ತೀಯಲ್ಲ, ಎಷ್ಟಪ್ಪಾ ಕೊಡ್ತಾರೆ?"

"ಕೊಡೋದೇನಿಲ್ಲಮ್ಮ, ಇದು ಕಮ್ಯುನಿಟಿ, ಎಲ್ಲಾ ಫ್ರೀ."

"ಹಂಗಾದ್ರೆ ಪಿಜ್ಜಾ ದುಡ್ಡು ಯಾರದು?"

ಪ್ರಾಯೋಜಕರದು ಎಂಬುದು ಉತ್ತರದ ಒಂದು ಭಾಗ. ಪ್ರಾಯೋಜಕರು ಬಿಲ್ಲು ಕಳಿಸಿ ಎಂದು ಹೇಳಿ ಮೂರು ತಿಂಗಳಾಗಿದೆ ಎಂಬ ಇನ್ನೊಂದು ಭಾಗವನ್ನು ಈತ ಹೇಳುವುದಿಲ್ಲ. ತಾಣದ ಚಂದಾ, ಕತ್ತಿಗೆ ಹಾಕುವ ಬ್ಯಾಡ್ಜುಗಳ ಮುದ್ರಣ, ಭಾಷಣಕಾರನಿಗೆ ಕೊಟ್ಟ ಸಸಿಯ ಕುಂಡ, ಕಳೆದುಹೋಗುತ್ತಲೇ ಇರುವ ಆ ಗೇಣುದ್ದದ ವೈರು ಇವೆಲ್ಲ ಯಾರ ಲೆಕ್ಕಕ್ಕೆ ಬೀಳುತ್ತವೆಂದು ತಾಯಿಗೆ ಕೇಳದೆಯೇ ಗೊತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದಷ್ಟೇ ಅಂದು ಆಕೆ ಒಳಗೆ ಹೋಗುತ್ತಾಳೆ, ಒಂದು ತುಂಡು ತಿಂದು ಖಾರವಿಲ್ಲವೆಂದು ಪೆಟ್ಟಿಗೆ ಮುಚ್ಚುತ್ತಾಳೆ.

ಈತನನ್ನು ನಿಸ್ವಾರ್ಥಿಯೆಂದು ಕರೆದರೆ ಅದೂ ಅತಿಯಾದೀತು. ಸಾವಿರಾರು ಜನರ ಪರಿಚಯ, ಅದರಿಂದ ಎರಡು ಬಾರಿ ಸಿಕ್ಕ ಒಳ್ಳೆಯ ನೌಕರಿ, ಹೆಸರಿನ ಕೆಳಗೆ ಕಮ್ಯುನಿಟಿ ಲೀಡ್ ಎಂದು ಬರೆದುಕೊಳ್ಳುವ ಸಣ್ಣ ಹೆಮ್ಮೆ ಇವೆಲ್ಲ ಜಮಾ ಬದಿಯಲ್ಲಿವೆ. ಆದರೂ ಒಂದು ಸಂಗತಿಯನ್ನು ಒಪ್ಪಬೇಕಾಗುತ್ತದೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿಯೂ ಮುಂಬಯಿ ಐಐಟಿಯ ವಿನ್ಯಾಸ ಕೇಂದ್ರ 1969ರಲ್ಲಿಯೂ ಆರಂಭವಾದರೂ, ಅಂಥ ಕಡೆ ಸೀಟುಗಳು ಬೆರಳೆಣಿಕೆಯಷ್ಟು. ಕಂಪನಿಗಳಿಗೆ ಬೇಕಾದ ವಿನ್ಯಾಸಕರು ಅದರ ಎಷ್ಟೋ ಪಟ್ಟು. ಉಳಿದವರಲ್ಲಿ ಬಹಳ ಮಂದಿ ಈ ಕಸುಬನ್ನು ಕಲಿತದ್ದು ಒಬ್ಬರಿಂದ ಒಬ್ಬರು, ಕೆಲಸ ಮಾಡುತ್ತ, ಕೆಲವೊಮ್ಮೆ ಇಂಥದೇ ಬೆವರುವ ಸಭಾಂಗಣಗಳಲ್ಲಿ. ಮೊದಲ ನೌಕರಿಗೆ ದಾರಿ ತೋರಿದ ಸಲಹೆ ಶುಲ್ಕ ಕಟ್ಟಿದ ತರಗತಿಯಲ್ಲಿ ಸಿಗದೆ, ಪಿಜ್ಜಾದ ಸಾಲಿನಲ್ಲಿ ನಿಂತಾಗ ಪಕ್ಕದವರಿಂದ ಸಿಕ್ಕಿತೆನ್ನುವವರು ಈ ವೃತ್ತಿಯಲ್ಲಿ ಅಪರೂಪವಲ್ಲ. ಆ ಸಾಲನ್ನು ನಿಲ್ಲಿಸಿದವನಿಗೆ ಇದು ಬಹುಮಟ್ಟಿಗೆ ತಿಳಿಯುವುದಿಲ್ಲ. ತಿಳಿದರೂ ಆಗ ಅವನ ಮೊಬೈಲು ಅದುರುತ್ತಿರುತ್ತದೆ.

ಆದುದರಿಂದ ಇಂಥ ಸಭೆಗೆ ಹೆಸರು ಕೊಟ್ಟಿರುವ ಓದುಗರಲ್ಲಿ ಒಂದು ವಿನಂತಿ. ಶನಿವಾರ ಬರಲಾಗುವುದಿಲ್ಲವೆಂದು ಶುಕ್ರವಾರ ಸಂಜೆಗೇ ಗೊತ್ತಾದರೆ, ದಯವಿಟ್ಟು ನೋಂದಣಿಯನ್ನು ರದ್ದುಮಾಡಿ. ಕಾಯುವವರ ಪಟ್ಟಿಯಲ್ಲಿ ಹೊಸಪೇಟೆಯಿಂದ ರಾತ್ರಿ ಬಸ್ಸಿಗೆ ಬರಲು ಸಿದ್ಧವಿರುವ ವಿದ್ಯಾರ್ಥಿಯೊಬ್ಬಳ ಹೆಸರೂ ಇರಬಹುದು, ಮತ್ತು ಆ ರದ್ದುಮಾಡುವ ಗುಂಡಿಯನ್ನು ಸಂಘಟಕ ಸುಲಭವಾಗಿ ಸಿಗುವ ಜಾಗದಲ್ಲೇ ಇಟ್ಟಿರುತ್ತಾನೆ.